ಗಣಕಯಂತ್ರದ ಪಾಠವೂ ಆಕರಶುದ್ಧಿಯೂ: ಅಣ್ಣಿಗೇರಿ, ಗುಡಗೇರಿ ಶಾಸನಗಳನ್ನು ಮುಂದಿಟ್ಟುಕೊಂಡು

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಶಾಸನಗಳಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ 6ನೆಯ ಆಳ್ವಿಕೆಯ ವರ್ಷದ ಸ್ತಂಭಶಾಸನಕ್ಕೆ ವಿಶೇಷ ಸ್ಥಾನವಿದೆ. 8ನೆಯ ಶತಮಾನದ ನಡುಭಾಗದ ಈ ಚಿಕ್ಕ ಬರಹವು ಜೇಬುಳಗೇರಿಯ ಮುಖ್ಯಸ್ಥನಾದ ಕಲಿಯಮ್ಮನು ಒಂದು ‘ಚೇದಿಯ’ವನ್ನು ಮಾಡಿಸಿದ ಸಂಗತಿಯನ್ನು ತಿಳಿಸುತ್ತದೆ. ಸಂಸ್ಕೃತದ ಚೈತ್ಯಶಬ್ದವೇ ಪ್ರಾಕೃತದಲ್ಲಿ ಹಾದು, ತಕಾರವು ದಕಾರವಾಗಿ, ಈ ರೂಪವನ್ನು ತಾಳಿದೆ. ಇದನ್ನು ಜಿನಚೈತ್ಯವೆಂದು ವಿದ್ವಾಂಸರು ಗ್ರಹಿಸಿದ್ದಾರೆ. ಅಣ್ಣಿಗೇರಿಯ ಜೈನ ಇತಿಹಾಸವನ್ನು ಬರೆಯಹೊರಟವನು ಗಣಕಯಂತ್ರದ ಮುಂದೆ ಕುಳಿತು ‘ಬಸದಿ’ ಎಂದೋ ‘ಜಿನಾಲಯ’ ಎಂದೋ ಹುಡುಕಿದರೆ ಈ ಶಾಸನ ಅವನಿಗೆ ದೊರೆಯುವುದಿಲ್ಲ. ‘ಚೈತ್ಯ’ ಎಂದು ಹುಡುಕಿದರೂ ದೊರೆಯುವುದಿಲ್ಲ. ಆ ಊರಿನಲ್ಲಿ ಗಂಗರ ಕಾಲಕ್ಕೆ ಮುಂಚೆ ಜೈನ ದೇವಾಲಯವೇ ಇರಲಿಲ್ಲವೆಂದು ಅವನು ನಿರ್ಣಯಿಸಿದರೆ ತಪ್ಪು ಯಂತ್ರದ್ದಲ್ಲ. ಕೇಳಿದ ಮಾತಿಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ. ಇಲ್ಲವೆಂಬ ಉತ್ತರಕ್ಕೂ ಕಾಣಲಿಲ್ಲವೆಂಬ ಉತ್ತರಕ್ಕೂ ಇರುವ ಅಂತರವನ್ನು ಮಾತ್ರ ಅದು ತಿಳಿಸಲಿಲ್ಲ.

ಇತಿಹಾಸ ಸಂಶೋಧನೆಯಲ್ಲಿಯೂ ಬೋಧನೆಯಲ್ಲಿಯೂ ಗಣಕಯಂತ್ರದ ಬಳಕೆ ಈಗ ಚರ್ಚೆಗೆ ಮೀರಿದ ಸಂಗತಿ. ನವಲಗುಂದ, ಕುಂದಗೋಳ, ಕಲಘಟಗಿಗಳಂಥ ಊರುಗಳ ವಿದ್ಯಾರ್ಥಿಗಳು ಧಾರವಾಡದ ಗ್ರಂಥಾಲಯಕ್ಕೆ ಹೋಗದೆ ಶಾಸನ ಸಂಪುಟಗಳನ್ನು ಕೈಯಲ್ಲಿರುವ ದೂರವಾಣಿಯಲ್ಲಿಯೇ ತೆರೆದು ನೋಡಬಲ್ಲರು. ಇದನ್ನು ಹಳಿಯುವವರು ಹಿಂದಿನ ಕಷ್ಟವನ್ನು ಮರೆತವರು. ಆದರೆ ಹೊಗಳುವವರೂ ಹಳಿಯುವವರೂ ಯಂತ್ರವನ್ನು ಕುರಿತು ಮಾತನಾಡುತ್ತಾರೆಯೇ ಹೊರತು ಅದರ ಪರದೆಯ ಮೇಲೆ ಮೂಡಿದ ಪಾಠವನ್ನು ಕುರಿತು ಮಾತನಾಡುವುದು ಕಡಮೆ. ಆ ಪಾಠ ಏನು? ಅದು ಕಲ್ಲಲ್ಲ, ಓಲೆಯಲ್ಲ, ಸಂಪಾದಕನ ಅಚ್ಚುಪುಸ್ತಕವೂ ಅಲ್ಲ. ಅದು ಒಂದು ಪ್ರತಿ. ಪ್ರತಿಯೆಂದ ಮೇಲೆ ಅದಕ್ಕೆ ಮೂಲವಿದೆ, ನಡುವಣ ಪ್ರತಿಗಳಿವೆ, ಬರೆದ ಕೈಗಳಿವೆ, ಆ ಕೈಗಳ ಸ್ಖಾಲಿತ್ಯಗಳಿವೆ. ಹಸ್ತಪ್ರತಿಗಳಿಗೆ ಅನ್ವಯಿಸುವ ಪರೀಕ್ಷೆಗಳೆಲ್ಲ ಇದಕ್ಕೂ ಅನ್ವಯಿಸಬೇಕು.

ಈ ಪ್ರತಿಪರಂಪರೆ ಎಷ್ಟು ಉದ್ದವೆಂಬುದನ್ನು ಮೊದಲು ನೋಡಬಹುದು. ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟವಾದ ಬೆಳ್ವೊಲದ ಶಾಸನವೊಂದು ಕಲ್ಲಿನಿಂದ ಕಾಗದದ ಅಚ್ಚಿಗೆ ಇಳಿಯಿತು. ಅದನ್ನು ಸಂಪಾದಕ ಓದಿ ರೋಮನ್ ಲಿಪಿಯಲ್ಲಿ ಬರೆದ. ಕನ್ನಡದ ವಿಶಿಷ್ಟ ಅಕ್ಷರಗಳನ್ನು ತೋರಿಸಲು ರೋಮನ್ ಅಕ್ಷರಗಳ ಕೆಳಗೆ ಚುಕ್ಕಿಯನ್ನೂ ಗೀಟನ್ನೂ ಇಟ್ಟ. ಆ ಪುಟದ ಛಾಯೆಯನ್ನು ಯಾರೋ ತೆಗೆದರು. ಛಾಯೆಯಿಂದ ಅಕ್ಷರಗಳನ್ನು ಓದುಯಂತ್ರ ಎತ್ತಿತು. ಎತ್ತುವಾಗ ಚುಕ್ಕಿಗೀಟುಗಳಲ್ಲಿ ಹಲವು ಉದುರಿದವು. ಅದನ್ನು ಮತ್ತೊಬ್ಬರು ಕನ್ನಡ ಲಿಪಿಗೆ ತಿರುಗಿಸಿದರು. ಕಲ್ಲಿಗೂ ಪರದೆಗೂ ನಡುವೆ ಇಷ್ಟು ತಲೆಮಾರುಗಳಿದ್ದರೂ ವಿದ್ಯಾರ್ಥಿಯ ಪ್ರಬಂಧದಲ್ಲಿ ‘ಶಾಸನವು ಹೀಗೆ ಹೇಳುತ್ತದೆ’ ಎಂಬ ವಾಕ್ಯ ಮಾತ್ರ ಇರುತ್ತದೆ.

ಉದುರಿದ ಗೀಟು ಅಲ್ಪವೆಂದು ತೋರಬಹುದು. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ‘ಅೞಿ’ ಎಂದರೆ ನಾಶವಾಗು; ‘ಅಳಿ’ ಎಂಬುದು ತತ್ಸಮವಾದರೆ ದುಂಬಿ. ಶಕಟರೇಫವೂ ರೞವೂ ಹೊಸ ಅಚ್ಚಿನಲ್ಲಿ ರಕಾರ ಳಕಾರಗಳಾದಾಗ ಈ ಭೇದ ಪೂರ್ತಿ ಅಳಿಸಿಹೋಗುತ್ತದೆ; ದತ್ತಿಯನ್ನು ಕೆಡಿಸಿದವನನ್ನು ಕುರಿತ ಶಾಪವಾಕ್ಯವನ್ನು ಸಂದರ್ಭದಿಂದ ಊಹಿಸಿ ಓದಬೇಕಾಗುತ್ತದೆ. ಬೆಳ್ವೊಲ ‘ಮೂನೂಱು’ ಎಂಬುದನ್ನು ‘ಮುನ್ನೂರು’ ಎಂದು ಹುಡುಕಿದವನಿಗೆ ಶಾಸನಗಳೇ ಕಾಣುವುದಿಲ್ಲ. ನಾಡಿನ ಹೆಸರೂ ಬೆಳ್ವೊಲ, ಬೆಳ್ವಲ, ಬೆಳುವಲ, ಬೆಳವಲ ಎಂದು ಬಗೆಬಗೆಯಾಗಿ ಬರುತ್ತದೆ. ಜೈನ ಗಣಗಚ್ಛಗಳ ಹೆಸರುಗಳಲ್ಲಿ ತೊಡಕು ಇನ್ನೂ ಹೆಚ್ಚು: ಹಳೆಯ ಶಾಸನಗಳ ‘ಬಳಗಾರ ಗಣ’ ಮುಂದೆ ‘ಬಲಾತ್ಕಾರ ಗಣ’ವಾಗಿ ಸಂಸ್ಕೃತದ ವೇಷ ತೊಟ್ಟಿದೆ. ಎರಡನೆಯ ಹೆಸರನ್ನಷ್ಟೆ ಬಲ್ಲವನ ಎಣಿಕೆಯಲ್ಲಿ ಆ ಗಣದ ಆರಂಭಕಾಲವೇ ತಪ್ಪಿಹೋಗುತ್ತದೆ.

ಅಕ್ಷರಗಳನ್ನು ಯಂತ್ರಕ್ಕೆ ಅಳವಡಿಸಿದ ಚರಿತ್ರೆಯನ್ನೂ ಸಂಶೋಧಕ ಅರಿತಿರಬೇಕು. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಕೇತಸಂಖ್ಯೆಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ರೞಕ್ಕೆ ಸ್ಥಾನ ದೊರೆತದ್ದೇನೋ ನಿಜ. ಆದರೆ ಅದರ ಹೆಸರು ‘ಫ’ ಎಂಬ ಅಕ್ಷರದ್ದೆಂಬಂತೆ ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಹಾಗೆಯೇ ಉಳಿದಿದೆ. ತಿದ್ದುಪಡಿ ಪರ್ಯಾಯನಾಮದ ರೂಪದಲ್ಲಿದೆ. ಕೇಶಿರಾಜನ ಕಾಲದ ಒಂದು ಅಕ್ಷರಕ್ಕೆ ಆಧುನಿಕ ಲಿಪಿಕಾರರ ಮಂಡಲಿಯೊಂದು ಮಾಡಿದ ಸ್ಖಾಲಿತ್ಯವಿದು. ಓಲೆಯಲ್ಲಾಗಿದ್ದರೆ ಅಂಚಿನಲ್ಲಿ ತಿದ್ದಬಹುದಾಗಿತ್ತು. ಶಾಸನ ಹಸ್ತಪ್ರತಿಗಳ ತಲೆಯಲ್ಲಿ ಬರುವ ಸಿದ್ಧಂ ಚಿಹ್ನೆಗೆ ಸ್ಥಾನ ದೊರೆತದ್ದು 2018ರಲ್ಲಿ, ನಕಾರಪೊಲ್ಲಿಗೆ 2021ರಲ್ಲಿ. ಅದಕ್ಕೆ ಹಿಂದೆ ಸಿದ್ಧವಾದ ಕಡತಗಳಲ್ಲಿ ಈ ಚಿಹ್ನೆಗಳು ಕಾಣದಿದ್ದರೆ ಮೂಲದಲ್ಲಿ ಇರಲಿಲ್ಲವೆಂದು ಹೇಳಲಾಗದು. ಯೂನಿಕೋಡಿಗೆ ಮೊದಲಿನ ಅಕ್ಷರಜೋಡಣೆಯ ಕಡತಗಳಂತೂ ಪರಿವರ್ತಿಸದ ಹೊರತು ಹುಡುಕಾಟಕ್ಕೆ ಸಿಕ್ಕುವುದೇ ಇಲ್ಲ.

ಪದದ ತೊಡಕಿಗಿಂತ ಸ್ಥಳದ ತೊಡಕು ದೊಡ್ಡದು. ಅಣ್ಣಿಗೇರಿಯಲ್ಲಿದ್ದ ಪ್ರಸಿದ್ಧ ಗಂಗಪೆರ್ಮಾಡಿ ಜಿನಾಲಯದ ಕಥೆಯನ್ನು ವಿಸ್ತಾರವಾಗಿ ಹೇಳುವ ಶಾಸನ ಅಣ್ಣಿಗೇರಿಯಲ್ಲಿಲ್ಲ. ಅದು ಗದಗ ತಾಲ್ಲೂಕಿನ ಗಾವರವಾಡದಲ್ಲಿದೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಸೋಮೇಶ್ವರನ ಕಾಲದ, 1071-72ರ ಈ ಶಾಸನವನ್ನೂ ಅಣ್ಣಿಗೇರಿಯ ಅದರ ಜೊತೆ ಶಾಸನವನ್ನೂ ಬಾರ್ನೆಟ್ ಅವರು ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಬೆಳ್ವೊಲವನ್ನಾಳುತ್ತಿದ್ದ ಗಂಗ ಬೂತುಗನು ಆ ಬಸದಿಯನ್ನು ಕಟ್ಟಿಸಿದುದು, ಚೋಳನು ದಂಡೆತ್ತಿ ಬಂದು ಬೆಳ್ವೊಲದ ಜಿನಾಲಯಗಳನ್ನು ಸುಟ್ಟುದು, ಅನಂತರ ಅವನು ತ್ರೈಲೋಕ್ಯಮಲ್ಲನೊಡನೆ ಕಾದಿ ತಲೆಯೊಪ್ಪಿಸಿದುದು, ಮಹಾಮಂಡಲೇಶ್ವರ ಲಕ್ಷ್ಮರಸನು ಹಾಳಾದ ಧರ್ಮವನ್ನು ಮತ್ತೆ ನಿಲ್ಲಿಸಿದುದು, ಇವೆಲ್ಲ ಅಲ್ಲಿವೆ. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಪ್ರಕಟಣೆಗಳಲ್ಲಿ ಗಾವರವಾಡ ಧಾರವಾಡ ಜಿಲ್ಲೆಗೆ ಸೇರಿದೆ. ಹೊಸ ಸೂಚಿಗಳಲ್ಲಿ ಗದಗಕ್ಕೆ. ಹೊಸ ಸೂಚಿಯಲ್ಲಿ ‘ಧಾರವಾಡ ಜಿಲ್ಲೆ’ ಎಂದು ಜರಡಿ ಹಿಡಿದವನ ಕೈಯಿಂದ ಅಣ್ಣಿಗೇರಿಯ ಅತಿಮುಖ್ಯ ಆಕರವೇ ಜಾರಿಹೋಗುತ್ತದೆ. ಅಣ್ಣಿಗೇರಿಯೂ ನವಲಗುಂದದಿಂದ ಬೇರ್ಪಟ್ಟು ಈಗ ತಾನೇ ತಾಲ್ಲೂಕಾಗಿರುವುದರಿಂದ ಈ ಗೊಂದಲ ಮುಂದಕ್ಕೂ ತಪ್ಪಿದ್ದಲ್ಲ. ಬೆಳ್ವೊಲ ಮೂನೂಱರ ಗಡಿಯನ್ನು ಕಂದಾಯ ಇಲಾಖೆ ಗುರುತಿಸಿಲ್ಲ.

ಈ ಶಾಸನ ಇನ್ನೊಂದು ಎಚ್ಚರಿಕೆಯನ್ನೂ ಬೇಡುತ್ತದೆ. ಚೋಳ ರಾಜಾಧಿರಾಜನು ಕೊಪ್ಪಂ ಯುದ್ಧದಲ್ಲಿ ಮಡಿದುದು 1054ರಲ್ಲಿ. ಶಾಸನ ಬರೆದದ್ದು ಅದಕ್ಕೆ ಸುಮಾರು 17 ವರ್ಷಗಳ ಮೇಲೆ, ನೊಂದ ಪಕ್ಷದವರ ಕಡೆಯಿಂದ. ಶತ್ರುವಿನ ಮರಣವನ್ನು ಅವನ ಪಾಪದ ಫಲವೆಂದು ಕಾಣುವುದು ಶಾಸನಕವಿಗೆ ಸಹಜ. ಚೋಳರ ಪ್ರಶಸ್ತಿಗಳು ಆ ದಂಡಯಾತ್ರೆಗಳನ್ನೇ ವಿಜಯಗಾಥೆಯಾಗಿ ಹಾಡುತ್ತವೆ. ಜೈನ ವಿದ್ವಾಂಸನಾದವನು ಗಾವರವಾಡದ ಮಾತನ್ನು ಎಷ್ಟು ಗೌರವದಿಂದ ಓದುವನೋ ಅಷ್ಟೇ ತಾಟಸ್ಥ್ಯದಿಂದ ತೂಗಲೂ ಬೇಕು. ಎರಡು ಪಕ್ಷದ ಶಾಸನಗಳನ್ನು ಪರದೆಯ ಮೇಲೆ ಪಕ್ಕಪಕ್ಕದಲ್ಲಿ ತಂದಿಡುವ ಕೆಲಸವನ್ನು ಯಂತ್ರ ಮಾಡಬಲ್ಲುದು. ತೂಗುವ ಕೆಲಸ ಓದುಗನದು.

ಪಂಪನ ವಿಚಾರವನ್ನು ತೆಗೆದುಕೊಂಡರೆ ಆಕರ ಇನ್ನೂ ದೂರ ಸರಿಯುತ್ತದೆ. ಅಣ್ಣಿಗೇರಿ ಆದಿಕವಿಯ ಜನ್ಮಸ್ಥಳವೆಂಬುದು ಈಗ ಪ್ರಚಲಿತವಾದ ಮಾತು. ಇದಕ್ಕೆ ಆಧಾರ ಅವನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಶಾಸನ. ಅದು ಇರುವುದು ಈಗಿನ ತೆಲಂಗಾಣದ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಮೇಲೆ. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳೂ ಸೇರಿದ ಆ ಶಾಸನವು ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ಕಲ್ಲು ಹೇಳುವುದು ಇಷ್ಟು. ಹೆರಿಗೆಗೆ ತವರಿಗೆ ಹೋಗುವ ರೂಢಿಯನ್ನು ಇದಕ್ಕೆ ಜೋಡಿಸಿ ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂದು ವಿದ್ವಾಂಸರು ಊಹಿಸಿದರು. ಊಹೆ ಬಲವಾದದ್ದೇ, ಅಲ್ಲಗಳೆಯಲು ಕಾರಣವಿಲ್ಲ. ಆದರೆ ಊಹೆಯ ಎರಡು ಮೆಟ್ಟಿಲುಗಳು ಯಂತ್ರದ ಕೋಷ್ಟಕಕ್ಕೆ ಇಳಿಯುವಾಗ ಕಣ್ಮರೆಯಾಗಿ, ‘ಜನ್ಮಸ್ಥಳ’ ಎಂಬ ತಲೆಬರಹದ ಕೆಳಗೆ ‘ಅಣ್ಣಿಗೇರಿ’ ಎಂಬ ಒಂದೇ ಪದ ಉಳಿಯುತ್ತದೆ. ಜನ್ಮವರ್ಷಕ್ಕೂ ಇದೇ ಗತಿ. ಪಂಪನು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆನೆಂದಿದ್ದಾನೆ. ಸಂವತ್ಸರವನ್ನು ಮಾತ್ರ ಯಂತ್ರಕ್ಕೆ ಕೊಟ್ಟರೆ 842, 902, 962 ಮೂರೂ ಬರುತ್ತವೆ. ಆದಿಪುರಾಣ ಮುಗಿದದ್ದು ಶಕ 863ರ ಪ್ಲವ ಸಂವತ್ಸರದಲ್ಲಿ, ಎಂದರೆ 941ರಲ್ಲಿ. ಇದನ್ನು ಸೇರಿಸಿಕೊಂಡು ನೋಡಿದ ಮೇಲೆಯೇ 902 ನಿಲ್ಲುತ್ತದೆ. 1922ರಲ್ಲಿ ಪ್ರಕಟವಾದ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ತಿರುವಿ ಗಂಟೆಗಟ್ಟಲೆ ಮಾಡುತ್ತಿದ್ದ ಲೆಕ್ಕ ಈಗ ಕ್ಷಣದಲ್ಲಿ ಮುಗಿಯುತ್ತದೆ. ಇದು ದೊಡ್ಡ ಉಪಕಾರ. ಆದರೆ ಮೂರು ವರ್ಷಗಳಲ್ಲಿ ಒಂದನ್ನು ಆರಿಸಿದ ಕಾರಣವನ್ನು ಬರೆದಿಡುವ ಹೊಣೆ ಆರಿಸಿದವನದು.

ಆಕರದ ಪರಂಪರೆಯನ್ನು ಬರೆದಿಡುವುದೆಂದರೆ ಏನೆಂಬುದಕ್ಕೆ ಇದೇ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ಒಂದು ಅಪೂರ್ವ ನಿದರ್ಶನವಿದೆ. ಗುಡಗೇರಿಯ 1076ರ ಜೈನ ಶಾಸನವನ್ನು ಫ್ಲೀಟ್ ಅವರು ಇಂಡಿಯನ್ ಆಂಟಿಕ್ವರಿಯ 18ನೆಯ ಸಂಪುಟದಲ್ಲಿ, 1889ರಲ್ಲಿ, ಪ್ರಕಟಿಸಿದರು. ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಪುರಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿಯನ್ನು ಮಾಡಿಸಿದ್ದಳು; ಆ ಬಸದಿಗೆ ಸೇರಿದ ಗುಡಗೇರಿಯ ಭೂಮಿ ಶ್ರೀನಂದಿ ಪಂಡಿತರ ವಶಕ್ಕೆ ಬಂದಿತೆಂದು ಶಾಸನ ತಿಳಿಸುತ್ತದೆ. ಯಾವ ಆಧಾರದ ಮೇಲೆ? ತಾಮ್ರಶಾಸನದ ಮರ್ಯಾದೆಯ ಮೇಲೆ ಎಂದು ಕಲ್ಲು ತಾನೇ ಹೇಳುತ್ತದೆ. ವಿಜಯಾದಿತ್ಯನ ಕಾಲಕ್ಕೂ ಈ ಕಲ್ಲಿಗೂ ಮೂರೂವರೆ ಶತಮಾನಗಳಿಗೂ ಹೆಚ್ಚಿನ ಅಂತರ. ಇಷ್ಟು ತಡವಾದ ಮಾತನ್ನು ನಂಬಬಹುದೇ ಎಂಬ ಸಂದೇಹ ನ್ಯಾಯವಾದದ್ದೇ ಆಗಿತ್ತು. ಮುಂದೆ 20ನೆಯ ಶತಮಾನದಲ್ಲಿ ಶಿಗ್ಗಾಂವಿಯ ತಾಮ್ರಪಟಗಳು ಪ್ರಕಟವಾದವು. ಶಕ 630ರ ಆ ಸಂಸ್ಕೃತ ಶಾಸನದಲ್ಲಿ ವಿಜಯಾದಿತ್ಯನು ಆಳುಪ ಚಿತ್ರವಾಹನನ ಬಿನ್ನಹದ ಮೇರೆಗೆ, ಪುರಿಗೆರೆಯಲ್ಲಿ ಕುಂಕುಮದೇವಿ ಮಾಡಿಸಿದ ಜಿನಭವನಕ್ಕೆ ಗುಡ್ಡಿಗೆರೆ ಗ್ರಾಮವನ್ನು ಕೊಟ್ಟ ಸಂಗತಿಯಿದೆ. 1076ರ ಕಲ್ಲು ಕಣ್ಣಮುಂದಿಟ್ಟುಕೊಂಡದ್ದು ಈ ತಾಮ್ರಪಟವನ್ನೇ ಅಥವಾ ಇದರ ಪ್ರತಿಯನ್ನೇ ಎಂದು ಭಾವಿಸಲು ಅಡ್ಡಿಯಿಲ್ಲ.

ಈ ಎರಡು ಆಕರಗಳು ಯಂತ್ರದಲ್ಲಿ ಒಂದನ್ನೊಂದು ಸೇರಬೇಕಾದರೆ ಎಷ್ಟು ಬಾಗಿಲು ದಾಟಬೇಕೆಂಬುದನ್ನು ಗಮನಿಸಬೇಕು. ಒಂದು ಕನ್ನಡ, ಒಂದು ಸಂಸ್ಕೃತ. ಒಂದರ ಊರು ಧಾರವಾಡ ಜಿಲ್ಲೆಯದು, ಇನ್ನೊಂದು ದೊರೆತ ಊರು 1997ರಿಂದ ಹಾವೇರಿ ಜಿಲ್ಲೆಯದು, ಇವೆರಡೂ ಹೇಳುವ ಬಸದಿ ಗದಗ ಜಿಲ್ಲೆಯದು. ಒಂದರಲ್ಲಿ ಗುಡ್ಡಿಗೆರೆ, ಇಂದಿನ ನಕ್ಷೆಯಲ್ಲಿ ಗುಡಗೇರಿ. ಒಂದರಲ್ಲಿ ಬಸದಿ, ಇನ್ನೊಂದರಲ್ಲಿ ಜಿನಭವನ. ಕಾಲಾನುಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಕುಂಕುಮಮಹಾದೇವಿಯ ಹೆಸರು 11ನೆಯ ಶತಮಾನದ ಮನೆಯಲ್ಲಿ ಕುಳಿತಿರುತ್ತದೆ. ಇವನ್ನು ಕೂಡಿಸಿದ್ದು ಎರಡನ್ನೂ ಓದಿ ನೆನಪಿನಲ್ಲಿಟ್ಟುಕೊಂಡ ವಿದ್ವಾಂಸರ ಬುದ್ಧಿ. ಆದರೆ ಅವರಿಗೆ ದಾರಿ ತೋರಿಸಿದ್ದು ಗುಡಗೇರಿಯ ಶಾಸನವನ್ನು ಬರೆದವನು, ತನ್ನ ಮಾತಿಗೆ ಮೂಲ ಯಾವುದೆಂದು ಹೇಳಿದವನು.

ಮೂಲವನ್ನು ಹೇಳದ ಪ್ರತಿ ಏನು ಮಾಡಬಲ್ಲುದೆಂಬುದನ್ನು ಜೈನ ವಿದ್ವಲ್ಲೋಕ ಚೆನ್ನಾಗಿ ಬಲ್ಲದು. ಷಟ್ಖಂಡಾಗಮದ ಧವಲಾ ಟೀಕೆ ಉಳಿದುಬಂದದ್ದು ಮೂಡಬಿದಿರೆಯ ತಾಳೆಯೋಲೆಗಳಲ್ಲಿ, ಹಳಗನ್ನಡ ಲಿಪಿಯಲ್ಲಿ. ಹಿರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ 1939ರಲ್ಲಿ ಅಚ್ಚಾದಾಗ ಸಂಪಾದಕರ ಕೈಯಲ್ಲಿದ್ದುದು ಆ ಓಲೆಗಳಲ್ಲ, ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಅರ್ಥ ಕೂಡುವುದಿಲ್ಲವೆಂದು ಕಂಡು, ‘ಸಂಜದ’ ಎಂಬ ಪದ ಇಲ್ಲಿ ಬಿಟ್ಟುಹೋಗಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಸಂಯಮವನ್ನು ಕುರಿತ ದೊಡ್ಡ ಸಿದ್ಧಾಂತಚರ್ಚೆ ಆ ಒಂದು ಪದದ ಸುತ್ತ ಎದ್ದಿತು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿತ್ತು. ಸಂಪಾದಕರು ಪಾಠವನ್ನು ಮುಚ್ಚುಮರೆಯಾಗಿ ತಿದ್ದದೆ ತಮ್ಮ ಊಹೆಯನ್ನು ಊಹೆಯೆಂದೇ ಅಡಿಯಲ್ಲಿಟ್ಟದ್ದರಿಂದ ಪರೀಕ್ಷೆ ಸಾಧ್ಯವಾಯಿತು.

ಇಂದಿನ ಓದುಯಂತ್ರಗಳ ಮೇಲಿನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರ ಅಪಾಯಕಾರಿ ಎಂಬುದು ಗ್ರಂಥಸಂಪಾದನೆ ಮಾಡಿದವರೆಲ್ಲರ ಅನುಭವ. ದಡ್ಡನು ಅರ್ಥವಾಗದ್ದನ್ನು ಇದ್ದಂತೆ ಗೀಚುತ್ತಾನೆ. ಆ ಗೀಚಿನಿಂದ ಮೂಲವನ್ನು ಎತ್ತಬಹುದು. ಜಾಣನು ಅಪರಿಚಿತ ಪದದ ಜಾಗದಲ್ಲಿ ಪರಿಚಿತ ಪದವನ್ನು ಕೂರಿಸಿ ಗುರುತನ್ನೇ ಅಳಿಸುತ್ತಾನೆ. ಹೊಸ ಓದುಯಂತ್ರಗಳು ಈ ಎರಡನೆಯ ಜಾತಿಯವು. ಹಿಂದುಮುಂದಿನ ಪದಗಳನ್ನು ನೋಡಿ ಹೆಚ್ಚು ಬಳಕೆಯಲ್ಲಿರುವುದನ್ನು ಆರಿಸುವುದೇ ಅವುಗಳ ಧರ್ಮ. ‘ಚೇದಿಯ’ದಂಥ ವಿರಳ ಪದವನ್ನು ಅವು ‘ಚೇದಿ’ ದೇಶವಾಗಿಸಿದರೆ ಆಶ್ಚರ್ಯವಿಲ್ಲ. ಕೇಳಿದ ಪ್ರಶ್ನೆಗೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳಂತೂ ಇನ್ನೂ ಒಂದು ಹೆಜ್ಜೆ ಮುಂದಿವೆ. ಅವುಗಳಲ್ಲಿ ಶಾಸನದ ಮಾತು, ವಿದ್ವಾಂಸನ ಊಹೆ, ಪ್ರವಾಸಿ ಕೈಪಿಡಿಯ ಅಲಂಕಾರ ಎಲ್ಲವೂ ಒಂದೇ ಧ್ವನಿಯಲ್ಲಿ ಹೊರಬರುತ್ತವೆ.

ಹೀಗೆಂದು ಯಂತ್ರವನ್ನು ದೂರವಿಡಬೇಕೆಂದು ವಾದಿಸುವುದು ಅವಿವೇಕ. ಬಿಂಬಗ್ರಹಣದ ವಿಷಯದಲ್ಲಿ ಅದು ಮಾಡಿರುವ ಸೇವೆ ಅಸಾಮಾನ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತಮ್ಮ ಪರಿಸರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿದಿರುವುದರಿಂದ ಸವೆದ ಅಕ್ಷರದ ತಗ್ಗನ್ನು ಬೇಕಾದ ಕೋನದಿಂದ ಬೆಳಕು ಹಾಯಿಸಿ ನೋಡುವುದು ಸಾಧ್ಯವಾಗಿದೆ. ಓಲೆಗರಿಗಳ ಛಾಯೆ ಒಮ್ಮೆ ಚೆನ್ನಾಗಿ ತೆಗೆದರೆ ಮುರಿಯುವ ಗರಿಯನ್ನು ಮತ್ತೆಮತ್ತೆ ಬಿಚ್ಚಬೇಕಾಗಿಲ್ಲ. ಬಿಂಬ ಮೂಲಕ್ಕೆ ಹತ್ತಿರ. ಬೆರಳಚ್ಚಿನ ಪಾಠ ದೂರ. ದುರ್ದೈವವೆಂದರೆ ಹುಡುಕಾಟದ ಸೌಲಭ್ಯಕ್ಕಾಗಿ ಎಲ್ಲರೂ ಎರಡನೆಯದನ್ನೇ ಆಶ್ರಯಿಸುತ್ತಾರೆ. ಇನ್ನು ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕಾಲದ ಇತಿಹಾಸಕ್ಕೆ ಕೈಹಾಕುವವನು ಮೋಡಿ ಲಿಪಿಯ ಕಾಗದಪತ್ರಗಳಿಗೆ ಸಿದ್ಧನಾಗಿರಬೇಕು. ಅಚ್ಚಿನ ಕನ್ನಡಕ್ಕಾಗಿ ಮಾಡಿದ ಓದುಯಂತ್ರ ಅಲ್ಲಿ ಕೈಚೆಲ್ಲುತ್ತದೆ, ಲಿಪಿ ಕಲಿಯದೆ ಗತಿಯಿಲ್ಲ.

ಬೋಧನೆಯ ಮಾತಿಗೆ ಬಂದರೆ, ಇತಿಹಾಸದ ತರಗತಿಗಳಲ್ಲಿ ಯಂತ್ರವನ್ನು ನಡೆಸುವುದನ್ನು ಕಲಿಸಬೇಕಾದ ಅಗತ್ಯ ಈಗ ಹೆಚ್ಚಿಲ್ಲ. ವಿದ್ಯಾರ್ಥಿಗಳು ಅಧ್ಯಾಪಕರಿಗಿಂತ ಅದನ್ನು ಚೆನ್ನಾಗಿ ಬಲ್ಲರು. ಕಲಿಸಬೇಕಾದ್ದು ಪ್ರತಿಯ ವಂಶಾವಳಿಯನ್ನು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯಕ್ಕೂ ಅಲ್ಲಿನ ಪಾರ್ಶ್ವನಾಥ ಬಸದಿಗೂ ತರಗತಿಯನ್ನು ಕರೆದೊಯ್ದು, ಒಂದೇ ಶಾಸನದ ಕಲ್ಲು, ಅಚ್ಚಿನ ಪಾಠ, ಪರದೆಯ ಪಾಠ ಮೂರನ್ನೂ ಎದುರಿಟ್ಟು ಹತ್ತು ಸಾಲು ಓದಿಸಿದರೆ, ಒಂದು ವರ್ಷದ ಉಪನ್ಯಾಸಗಳು ತಿಳಿಸದಿರುವುದು ಒಂದು ಮಧ್ಯಾಹ್ನದಲ್ಲಿ ತಿಳಿದೀತು. ಇದಕ್ಕೆ ಹಣ ಬೇಕಿಲ್ಲ. ಹಳಗನ್ನಡ ಬಲ್ಲ ಅಧ್ಯಾಪಕ ಬೇಕು, ಕೊರತೆಯಿರುವುದು ಅಲ್ಲಿ.

ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಯಾವ ಸಂವತ್ಸರದಲ್ಲಿ, ಯಾವ ಊರಿನಲ್ಲಿ, ಯಾರಿಗಾಗಿ ಬರೆದೆನೆಂದು ನಮೂದಿಸಿ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದರು. ಶಾಸ್ತ್ರದಾನವೆಂದು ಬರೆಯಿಸಿದ ಜೈನ ಹಸ್ತಪ್ರತಿಗಳಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಗಣಕಪ್ರತಿಗಳಲ್ಲಿ ಬಹುಮಟ್ಟಿಗೆ ಕಾಣದಿರುವುದು ಈ ಪುಷ್ಪಿಕೆಯೇ. ಗುಡಗೇರಿ ಶಾಸನದ ಗಣಕಪ್ರತಿಯೊಂದನ್ನು ಸಿದ್ಧಪಡಿಸುವವರು ಅದರ ಕೆಳಗೆ ಇಷ್ಟನ್ನು ಬರೆಯಬಹುದು: ಕಲ್ಲು ಗುಡಗೇರಿಯದು, ಈಗ ಧಾರವಾಡ ಜಿಲ್ಲೆ, ಓದಿದವರು ಫ್ಲೀಟ್, 1889, ಅವರ ರೋಮನ್ ಪಾಠದಿಂದ ಕನ್ನಡಕ್ಕೆ ತಿರುಗಿಸಿದ್ದು ಇಂಥ ವರ್ಷ, ಇಂಥವರು, ಶಕಟರೇಫ ರೞಗಳನ್ನು ಉಳಿಸಿದೆ ಅಥವಾ ಉಳಿಸಿಲ್ಲ, ಯಂತ್ರ ಓದಿದ್ದು ಇಷ್ಟು ಸಾಲು, ಕಣ್ಣಿನಿಂದ ತಾಳೆ ನೋಡಿದ್ದು ಇಷ್ಟು ಸಾಲು, ಕಲ್ಲಿನೊಡನೆ ತಾಳೆ ನೋಡಿದೆ ಅಥವಾ ನೋಡಿಲ್ಲ, ಶಿಗ್ಗಾಂವಿಯ ಶಕ 630ರ ತಾಮ್ರಪಟವನ್ನೂ ನೋಡುವುದು.